ಕುರ್ಚಿಯ ಸ್ಪ್ರಿಂಗು

ಇನ್ನೂ ತೊಟ್ಟಿಕ್ಕುತ್ತಲೇ ಇದೆ, ಬೈಕಿನ ಮುಂದಿನ ಎಡಗಡೆ ಫೋರ್ಕಿನ ಕೊಳವೆಯ ಬುಡದಿಂದ ಎಣ್ಣೆ, ಕೆಳಗಿಟ್ಟ, ಮಾಂಸದ ಪೈ ಬೇಯಿಸುವ ತಟ್ಟೆಯೊಳಗೆ, ಹೋದ ವರ್ಷವಷ್ಟೇ ಹಾಕಿದ್ದು, ಆಗಲೇ ಕಾಡಿಗೆಯ ಹಾಗೆ ಕಪ್ಪಗಾಗಿದೆ, ನಾತ ಬೇರೆ, ನನ್ನ ಗಂಡ ನೆವ್ ನೋಡಿದರೆ ನನ್ನ ಪೈ ತಟ್ಟೆ ಯಾಕೆ ತಂದೆ ಅನ್ನುತ್ತಾನೆ, ಅನ್ನಲಿ, ಬಾಯಿ ತೆರೆಯಲಿ ಒಂದು ಸಲ, ಗುರುವಾರದಿಂದ ಅದಕ್ಕೇ ಕಾಯುತ್ತಿದ್ದೇನೆ — ಸ್ಪ್ಯಾನರ್ ಎಲ್ಲಿ, ಇಲ್ಲೇ ಇಟ್ಟಿದ್ದೆ, ಎಡಗೈಗೆ ಕೊಟ್ಟರೆ ಬೀಳಿಸುತ್ತದೆ ಅಂತ ಬಲಗೈಯಲ್ಲಿ ಹಿಡಿದು, ಬಲಗೈ ಬೇರೆ ಕೆಲಸಕ್ಕೆ ಬೇಕು ಅಂತ ಸೀಟಿನ ಮೇಲಿಟ್ಟು, ಈಗ ಹುಡುಕು, ಹುಡುಕು ಹೇಜಲ್, ಇದೇ ನಿನ್ನ ಬಾಳು. ಸಾಸಿವೆ ಕಾಳಿನಷ್ಟು ರಕ್ತ ಹೆಪ್ಪುಗಟ್ಟಿತ್ತಂತೆ ತಲೆಯಲ್ಲಿ, ಡಾಕ್ಟರು ಬೆರಳ ತುದಿ ತೋರಿಸಿ ಹೇಳಿದರು, ಇಷ್ಟೇ ಇಷ್ಟು, ನೀವು ಪುಣ್ಯವಂತರು — ಪುಣ್ಯವಂತರಂತೆ, ಅವರ ಎಡಗಾಲು ಅವರ ಮಾತು ಕೇಳುತ್ತದೆ, ಹೇಳುವುದಕ್ಕೇನು. ಆದರೆ ಆ ದಿನ ಗಾಡಿಯಿಂದ ಬಿದ್ದದ್ದಕ್ಕೆ ಕಾಲು ಕಾರಣವಲ್ಲ, ನೂರು ಸಲ ಹೇಳಿದ್ದೇನೆ, ಮೀನು, ಆಲೂಗಡ್ಡೆ ಕರಿದು ಮಾರುವ ಅಂಗಡಿಯ ಮುಂದಿನ ಅಡ್ಡರಸ್ತೆಯಲ್ಲಿ ಬ್ರೇಕ್ ಹಿಡಿದೆ, ಗಾಡಿ ಮೂತಿ ಕೆಳಗೆ ಹಾಕಿ ಮುಗ್ಗರಿಸಿತು, ಮುಂದಿನ ಸ್ಪ್ರಿಂಗ್ ಕುಸಿದುಹೋಗಿದೆ, ನನಗಿಂತ ಒಂದೇ ವರ್ಷ ಚಿಕ್ಕ ಗಾಡಿ, ಕುಸಿಯದೆ ಏನಾಗುತ್ತದೆ, ನಾನು ಎಡಗಾಲು ಊರಿದೆ, ಅಷ್ಟೇ, ಆಮೇಲೆ ಆಕಾಶ ಕಂಡಿತು, ಮತ್ತೆ ಆಲೂಗಡ್ಡೆ ತಿನ್ನುತ್ತಾ ಸಾಲಿನಲ್ಲಿ ನಿಂತವರ ಬಾಯಿಗಳು, ಎಲ್ಲಾ ಬಾಯಿಗಳೂ ಅಗಿಯುವುದನ್ನು ನಿಲ್ಲಿಸಿದ್ದವು. ಹಿಂದೆ ವ್ಯಾನಿನಿಂದ ನೆವ್ ಇಳಿದು ಓಡಿಬಂದ, ಅವನು ಓಡಿದ್ದನ್ನು ಊರು ಅವತ್ತೇ ನೋಡಿದ್ದು, ನನ್ನನ್ನು ಕಂಕುಳಿಗೆ ಕೈಹಾಕಿ ಎತ್ತಿದ, ಮೊದಲು ಪೆಟ್ರೋಲ್ ಮುಚ್ಚೋ ಅಂತ ಕಿರುಚಿದೆ, ಅವನು ಮುಚ್ಚಲಿಲ್ಲ, ನನ್ನನ್ನೇ ಹಿಡಿದು ನಿಂತು, ಒಂಬತ್ತು ಸ್ಟೋನ್ ತೂಕ ಕೂಡ ಇಲ್ವಲ್ಲೇ ನೀನು, ಇಳಿದುಹೋಗಿದೀಯ, ಅಂದ. ನಲವತ್ತು ವರ್ಷ ಹಂದಿ ಕಡಿದು ಮಾರಿದವನಿಗೆ ಏನು ಎತ್ತಿದರೂ ತೂಕವೇ ಕಾಣುವುದು. ನನ್ನ ಗಾಡಿಯ ಪೆಟ್ರೋಲ್ ರಸ್ತೆಯ ಮೇಲೆ ಹರಿಯುತ್ತಿತ್ತು.

ಸಿಕ್ಕಿತು ಸ್ಪ್ಯಾನರ್, ಸೀಟಿನ ಮೇಲೇ ಇದೆ, ಮುಚ್ಚಳದ ಬೋಲ್ಟ್ ಬಿಗಿಯಾಗಿದೆ, ಬಿಗಿಯಾಗಿರಲಿ, ನನಗೂ ಏನನ್ನಾದರೂ ಹಿಡಿದು ತಿರುಚಬೇಕಾಗಿದೆ — ಗುರುವಾರ ನಾನು ಮೆಟ್ಟಿಲ ಮೇಲೆ ಕೂತು ಕೈಕಾಲಿನ ವ್ಯಾಯಾಮದ ಹುಡುಗಿ ಹೇಳಿಕೊಟ್ಟ ಹಾಗೆ ಟೆನಿಸ್ ಚೆಂಡು ಹಿಂಡುತ್ತಿದ್ದೆ, ನೆವ್ ಕೆಳಗೆ ಫೋನಿನಲ್ಲಿ, ದನಿ ತಗ್ಗಿಸಿ ಮಾತಾಡುತ್ತಿದ್ದ, ದನಿ ತಗ್ಗಿಸುವುದು ಅವನಿಗೆ ಬರುವುದಿಲ್ಲ, ಅಂಗಡಿಯಲ್ಲಿ ಕೂಗಿ ಕೂಗಿ ಗಂಟಲೇ ಹಾಗಾಗಿದೆ. ಆ ಕಡೆ ಮಿಜ್ಲಿ, ನಮ್ಮ ಹಳೇ ಗಾಡಿ ಕ್ಲಬ್ಬಿನ ಕಾರ್ಯದರ್ಶಿ, ಕಡ್ಡಿಯಂಥ ಮನುಷ್ಯ, ಕಡ್ಡಿಯಂಥದ್ದೇ ಮೀಸೆ. ಹೂಂ ಮಿಜ್ಲಿ, ಕುರ್ಚಿ ಬೇಕೇ ಬೇಕು, ಬೇಸಿಗೆ ಒಳಗೆ ಆಗ್ಬೇಕು, ಸೆಕೆಂಡ್ ಹ್ಯಾಂಡ್ ಆದ್ರೂ ಸೈ, ಎಡಗಡೆಗೇ ತಾನೇ ಬರೋದು. ಎಡಗಡೆಗೆ, ಕೇಳಿಸಿಕೊಂಡೆಯಾ, ನನ್ನ ಎಡಗಡೆಯನ್ನು ಊರಿಗೆಲ್ಲ ಹಂಚುತ್ತಿದ್ದಾನೆ. ಇಲ್ಲ, ಅವಳಿಗೆ ಹೇಳಿಲ್ಲ, ಹೇಳಿದ್ರೆ ಸುತ್ತಿಗೆ ತಗೊಂಡು ಬರ್ತಾಳೆ ಮಾರಾಯ. ಹೌದು, ಬರುತ್ತೇನೆ. ವ್ಯಾಯಾಮ ಮಾಡಿಸಲು ಬರುವ ಆ ಹುಡುಗಿ ಹೋದ ತಿಂಗಳು ನಗುನಗುತ್ತಾ ಅದನ್ನೇ ಹೇಳಿದ್ದಳು, ದೂರ ಹೋಗೋದಕ್ಕೆ ಒಂದು ಗಾಲಿಕುರ್ಚಿ ಮನೇಲಿರ್ಲಿ ಹೇಜಲ್, ನಾಚಿಕೆ ಯಾಕೆ, ಬೇಕಾದಾಗ ಮಾತ್ರ. ಅವಳನ್ನು ಬಾಗಿಲ ತನಕ ನಡೆದೇ ಕಳಿಸಿಬಂದೆ, ಗೋಡೆ ಮುಟ್ಟದೆ. ನೆವ್ ಆಗ ಒಂದು ಮಾತೂ ಆಡಲಿಲ್ಲ, ನನ್ನ ಪರವಾಗಿ ನಿಂತಿದ್ದಾನೆ ಅಂದುಕೊಂಡೆ, ನಿಂತಿರಲಿಲ್ಲ, ಅಳತೆ ತೆಗೆದುಕೊಳ್ಳುತ್ತಿದ್ದ. ಕುರ್ಚಿ ತಂದು ನನ್ನನ್ನು ಕೂರಿಸಿ, ಮೊಣಕಾಲಿಗೆ ಚೌಕುಳಿ ಕಂಬಳಿ ಹೊದಿಸಿ, ಕ್ಲಬ್ಬಿನವರೆಲ್ಲ ಗಾಡಿ ಸಾಲಾಗಿ ನಿಲ್ಲಿಸಿದ ಮೈದಾನದಲ್ಲಿ ತಳ್ಳಿಕೊಂಡು ಹೋಗುತ್ತಾನೆ, ಹೇಗಿದ್ದೀಯ ಹೇಜಲ್ ಅಂತ ಒಬ್ಬೊಬ್ಬರೂ ಬಗ್ಗಿ ಕೇಳುತ್ತಾರೆ, ಎಲ್ಲರೂ ಬಗ್ಗಿ. ಗಾಡಿಗೆ ಈ ಹೊಸ ಸ್ಪ್ರಿಂಗು ತರಿಸಿಕೊಟ್ಟದ್ದೂ ಆ ನಾಟಕವೇ ಇರಬೇಕು, ಮಗು ಅಳುತ್ತದೆ ಅಂತ ಗಿಲಕಿ ಕೊಟ್ಟ ಹಾಗೆ — ನಾನೇ ಅಂಗಡಿಗೆ ಫೋನ್ ಮಾಡುತ್ತೇನೆ ಅಂದರೆ, ನಾನು ಮಾಡ್ತೀನಿ ಬಿಡೇ, ನೀನು ಕೂತ್ಕೋ, ಅಂದ. ಕೂತ್ಕೋ. ಗಂಡಸರಿಗೆ ಕಾಯಿಲೆಯವಳ ಹತ್ತಿರ ಆಡಲು ಅದೊಂದೇ ಮಾತು ಇರುವುದು.

ಬಂತು, ಬೋಲ್ಟ್ ಬಂತು, ಒಳಗಿನ ಸರಳಿಗೆ ಮೊದಲು ತಂತಿ ಕಟ್ಟಬೇಕು, ಇಲ್ಲದಿದ್ದರೆ ಸರಕ್ಕನೆ ಕೊಳವೆಯೊಳಗೆ ಇಳಿದುಬಿಡುತ್ತದೆ, ಆಮೇಲೆ ಬಾವಿಗೆ ಬಿದ್ದ ಕೊಡ ಎತ್ತಿದ ಹಾಗೆ ಕೊಕ್ಕೆ ಹಾಕಿ ಕೂತಿರಬೇಕು, ತಂತಿ ಕಟ್ಟುವುದು ಹಲ್ಲಿನಲ್ಲಿ, ಹಲ್ಲು ಇನ್ನೂ ನನ್ನವೇ, ಕಟ್ಟಿದೆ, ಈಗ ಸ್ಪ್ರಿಂಗು ಮೇಲಕ್ಕೆ, ನಿಧಾನ, ಎಣ್ಣೆ ಜಾರುತ್ತಿದೆ, ಬಾ ಮುದುಕಿ, ಬಾ. ಬಂತು. ಬೆಂಚಿನ ಮೇಲೆ ಉದ್ದಕ್ಕೆ ಮಲಗಿಸಿ ಪಕ್ಕದಲ್ಲಿ ಹೊಸದನ್ನು ಇಡುತ್ತೇನೆ, ಎಷ್ಟು ಕುಸಿದಿದೆ ನೋಡಿಯೇಬಿಡೋಣ, ನೋಡಿ ಅವನ ಮುಖಕ್ಕೆ ಹಿಡಿಯೋಣ, ಇಗೋ ಇಷ್ಟು ಗಿಡ್ಡ ಆಗಿದೆ, ಈಗಲಾದರೂ ಒಪ್ಪಿಕೋ, ಬಿದ್ದದ್ದು ಗಾಡಿ, ನಾನಲ್ಲ — ಕುಸಿದಿದೆ. ಒಂದು ಬೆರಳಗಲ. ಅಷ್ಟೇ. ಒಂದು ಬೆರಳಗಲಕ್ಕೆ ಯಾವ ಗಾಡಿಯೂ ಮೂತಿ ಊರುವುದಿಲ್ಲ, ಅದು ನನಗೆ ಗೊತ್ತಿಲ್ಲದ್ದೇನಲ್ಲ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಸುಮ್ಮನಿರು, ಅದನ್ನು ಈಗ ಯೋಚಿಸಬೇಡ, ಹೊಸದನ್ನು ನೋಡು, ಹೊಸದರಲ್ಲಿ ಏನೋ ಸರಿಯಿಲ್ಲ. ತಂತಿ ದಪ್ಪ, ಸುತ್ತು ಒತ್ತು, ಕೈಯಲ್ಲಿ ಎತ್ತಿದರೆ ಕಬ್ಬಿಣದ ಮುದ್ದೆ, ಅಂಗೈ ಹಾಕಿ ಒತ್ತಿದರೆ ಜಪ್ಪಯ್ಯ ಅಂದರೂ ಬಗ್ಗುವುದಿಲ್ಲ. ಇದನ್ನು ಹಾಕಿಕೊಂಡು ನಮ್ಮ ಬೆಟ್ಟದ ರಸ್ತೆಯಲ್ಲಿ ಹೋದರೆ ನನ್ನ ಮಣಿಕಟ್ಟು ಮುರಿಯುತ್ತದೆ, ಒಂಬತ್ತು ಸ್ಟೋನ್ ಇಲ್ಲದವಳಿಗೆ ಎತ್ತಿನ ಗಾಡಿಯ ಸ್ಪ್ರಿಂಗು ಕಳಿಸಿದ್ದಾನೆ ಆ ಅಂಗಡಿಯವನು, ಎಲ್ಲರೂ ಇವತ್ತು ನನ್ನ ಕೈಗೇ ಸಿಕ್ಕಿಕೊಳ್ಳಲು ಕಾದಿದ್ದಾರೆ, ಎಲ್ಲಿ ಫೋನ್, ಪೊಟ್ಟಣದ ಮೇಲೆ ನಂಬರಿದೆ, ಒತ್ತುತ್ತೇನೆ, ಬೆರಳು ತುಂಬ ಎಣ್ಣೆ.

ನೀವು ತಪ್ಪು ಸ್ಪ್ರಿಂಗ್ ಕಳ್ಸಿದೀರ, ಅಂದೆ, ಹಲೋ ಇಲ್ಲ ಗಿಲೋ ಇಲ್ಲ. ಯಾರ ಹೆಸರಿಗಮ್ಮ, ಅಂದ ಅಂಗಡಿಯವನು, ವಯಸ್ಸಾದ ದನಿ, ಬಾಯಲ್ಲಿ ಬಿಸ್ಕತ್ತು. ಬ್ಯಾರಕ್ಲಫ್. ಓ ಬ್ಯಾರಕ್ಲಫ್, ನೆನಪಿದೆ, ನಿಮ್ಮ ಯಜಮಾನ್ರು ಚೆನ್ನಾಗಿ ಮಾತಾಡ್ತಾರೆ, ಹಂದಿ ಪೈ ಹೇಗ್ ಮಾಡ್ಬೇಕು ಅಂತಾನೂ ಹೇಳಿದ್ರು, ಇಲ್ಲಮ್ಮ, ತಪ್ಪೇನಾಗಿಲ್ಲ, ಕುರ್ಚಿ ಹಾಕೋ ಗಾಡಿಗೆ ಅದೇ ಸ್ಪ್ರಿಂಗು. ಏನು ಹಾಕೋ ಗಾಡಿಗೆ, ಅಂದೆ. ಕುರ್ಚಿ ಕಣಮ್ಮ, ಬೈಕಿನ ಪಕ್ಕಕ್ಕೆ ಒಂದು ಚಕ್ರ ಇಟ್ಟು ಕಟ್ತಾರಲ್ಲ, ಸೈಡ್‌ಕಾರು. ಸೈಡ್‌ಕಾರು. ಥೂ ನನ್ನ. ಗಾಡಿಯವರೆಲ್ಲ ಅದಕ್ಕೆ ಕುರ್ಚಿ ಅನ್ನುತ್ತೇವೆ, ಅಪ್ಪನೂ ಅನ್ನುತ್ತಿದ್ದ, ಕ್ಲಬ್ಬಿನಲ್ಲಿ ನಾನೇ ಸಾವಿರ ಸಲ ಅಂದಿದ್ದೇನೆ, ಅವನದು ಕುರ್ಚಿ ಗಾಡಿ, ಇವನು ಕುರ್ಚಿ ಮಾರಿದ, ಆದರೆ ನೆವ್ ಯಾವತ್ತೂ ಅಂದವನಲ್ಲ, ಗಾಡಿಯ ಗಂಧಗಾಳಿ ಗೊತ್ತಿಲ್ಲದವನು, ಇವತ್ತಿಗೂ ಕ್ಲಚ್ಚಿಗೆ ಆ ಹಿಡಿ ಅನ್ನುವವನು, ಅವನ ಬಾಯಲ್ಲಿ ಕುರ್ಚಿ ಅಂದರೆ ಕೂರುವ ಕುರ್ಚಿಯೇ, ಬೇರೆ ಏನಿದ್ದೀತು. ಮಿಜ್ಲಿ ಕಲಿಸಿದ್ದಾನೆ. ಮಿಜ್ಲಿ — ಅಯ್ಯೋ, ಈಗ ಗೊತ್ತಾಯಿತು, ಎಲ್ಲಾ ಗೊತ್ತಾಯಿತು, ನನ್ನ ಗಾಡಿಗೆ ಪಕ್ಕದಲ್ಲಿ ತೊಟ್ಟಿಲು ಕಟ್ಟಿ, ನನ್ನನ್ನು ಅದರೊಳಗೆ ಪೊಟ್ಟಣದ ಹಾಗೆ ಇಟ್ಟು, ನನ್ನ ಸೀಟಿನ ಮೇಲೆ ಮಿಜ್ಲಿ ಕೂರುತ್ತಾನೆ, ಗೇರನ್ನು ಗರಗರ ಅನ್ನಿಸುವ ಆ ಮಿಜ್ಲಿ, ಮಗ್ಗದ ಗಿರಣಿಯಲ್ಲಿ ದುಡಿದು ಮೊದಲ ವರ್ಷದ ಸಂಬಳದಲ್ಲಿ ನಾನು ಕೊಂಡ ಗಾಡಿ, ಹತ್ತೊಂಬತ್ತರ ಹುಡುಗಿಗೆ ಮಾರಲ್ಲ ಅಂದವನ ಬಾಗಿಲಲ್ಲಿ ಮಳೆಯಲ್ಲಿ ನಿಂತು ಕೊಂಡ ಗಾಡಿ, ಅದರ ಮೇಲೆ ಆ ಕಡ್ಡಿ ಮೀಸೆ ಕೂತು ಪಕ್ಕಕ್ಕೆ ಬಗ್ಗಿ, ಹೇಗಿದೆ ಹೇಜಲ್, ಗಾಳಿ ಜೋರಾ, ಅನ್ನುತ್ತದೆ. ಇದಕ್ಕಿಂತ ಗಾಲಿಕುರ್ಚಿಯೇ ವಾಸಿ. ಅದರಲ್ಲಿ ಕೂತರೆ ಕಡೇಪಕ್ಷ ಗಾಡಿಯ ಸದ್ದು ಹತ್ತಿರದಿಂದ ಕೇಳುವ ಹಿಂಸೆ ಇಲ್ಲ. ನಿಮ್ಮ ಗಿರಾಕಿ ಇನ್ನೇನೇನು ಹೇಳಿದ, ಅಂದೆ ಫೋನಿನಲ್ಲಿ, ಗಿರಾಕಿ ಅಂದೆ, ಗಂಡ ಅನ್ನಲಿಲ್ಲ, ಓಡಿಸೋದು ಯಾರಂತೆ. ಅದನ್ನೆಲ್ಲ ನಾನು ಕೇಳಲ್ಲಮ್ಮ, ಅಂದ ಅಂಗಡಿಯವನು, ತೂಕ ಕೇಳ್ತೀನಿ ಅಷ್ಟೇ, ಸ್ಪ್ರಿಂಗ್ ಆರಿಸೋದು ತೂಕ ನೋಡಿ ತಾನೇ, ಓಡಿಸೋರು ಒಂಬತ್ತು ಸ್ಟೋನ್‌ಗೆ ಚೂರು ಕಮ್ಮಿ ಅಂದ್ರು, ಕುರ್ಚೀಲಿ ಕೂರೋರು ಹದಿನಾರೂವರೆ. ಹದಿನಾರೂವರೆ ಸ್ಟೋನ್ ಅಂದ್ರೆ ನೂರು ಕಿಲೋ ದಾಟ್ತು ಸ್ವಾಮಿ, ಉಲ್ಟಾ ಹೇಳ್ತಿದೀರಾ ನೋಡಿ, ಅಂತ ನಾನೇ ಕೇಳ್ದೆ. ಇಲ್ಲ, ಸರಿಯಾಗೇ ಹೇಳ್ತಿದೀನಿ, ಅಂದ್ರು ನಿಮ್ಮ ಯಜಮಾನ್ರು, ಆಮೇಲೆ ದನಿ ಸಣ್ಣ ಮಾಡಿ, ಆ ಕುರ್ಚಿ ತಿರುವಲ್ಲಿ ವಾಲಲ್ಲ ಅಲ್ವಾ, ನೆಟ್ಟಗೇ ಇರುತ್ತೆ ಅಲ್ವಾ, ಅಂತ ಎರಡು ಮೂರು ಸಲ ಕೇಳಿದ್ರು. ಅಂಗಡಿಯವನು ಬಿಸ್ಕತ್ತು ನುಂಗಿದ. ಬೇಡ ಅನ್ಸಿದ್ರೆ ವಾಪಸ್ ಕಳ್ಸಿಬಿಡಿ ತಾಯಿ, ಒಂಟಿ ಗಾಡೀದು ಕಳ್ಸ್ತೀನಿ, ಇವತ್ತೇ ಹೇಳಿ. ಹೇಳುತ್ತೇನೆ ಅಂತ ಇಟ್ಟೆ.

ಹದಿನಾರೂವರೆ. ಕಳ್ಳ. ಡಾಕ್ಟರ ಮುಂದೆ ಹದಿನೈದು ಅನ್ನುತ್ತಾನೆ, ಬೂಟು ಸೇರಿಸಿ ಹದಿನೈದು ಡಾಕ್ಟ್ರೇ, ನನ್ನ ಮುಂದೆಯೂ ಅದೇ, ಗೂಟಕ್ಕೆ ಕಟ್ಟಿದ ಹಂದಿಯನ್ನು ಬೇಲಿಯಾಚೆಯಿಂದ ನೋಡಿ ತೂಕ ಹೇಳುವವನು ತನ್ನ ತೂಕ ಬಂದಾಗ ಸುಳ್ಳ, ಮತ್ತೆ ಯಾರೋ ಕಾಣದ ಊರಿನ ಸ್ಪ್ರಿಂಗ್ ಅಂಗಡಿಯವನಿಗೆ ಸತ್ಯ ಹೇಳಿದ್ದಾನೆ. ಕುರ್ಚಿಯಲ್ಲಿ ಕೂರುವವನು ಅವನು. ಓಡಿಸುವವಳು ನಾನು. ಅವನು, ನೆವ್, ಬದುಕಿನಲ್ಲಿ ಒಂದೇ ಒಂದು ಸಲ ನನ್ನ ಹಿಂದೆ ಕೂತವನು — ಮದುವೆಗೆ ಮುಂಚಿನ ಬೇಸಿಗೆ, ಬೆಟ್ಟ ಇಳಿಯುವ ಕಡೇ ತಿರುವು, ನಾನು ಒಳಕ್ಕೆ ಒರಗಿದೆ, ಅವನು ಹೊರಕ್ಕೆ ವಾಲಿದ, ಎತ್ತು ಏರಿಗೆ ಕೋಣ ನೀರಿಗೆ, ಏನು ಮಾಡ್ತಿದೀಯೋ ಅಂತ ಕನ್ನಡಿಯಲ್ಲಿ ನೋಡಿದರೆ ಅವನು ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿದ್ದ, ಚಿಕ್ಕ ಮಕ್ಕಳು ಔಷಧಿ ಕುಡಿಯುವಾಗ ಮುಚ್ಚುವ ಹಾಗೆ, ಅದನ್ನೇ ನೋಡುತ್ತಾ ನಾನು ಗೋಡೆ ದಾಟಿ ತುರಿಕೆ ಗಿಡದ ಪೊದೆಗೆ ಹೋದೆ. ಎದ್ದು ಟೋಪಿ ಝಾಡಿಸಿಕೊಂಡು, ನಿನ್ನ ಮದ್ವೆ ಆಗ್ತೀನಿ ಹೇಜಲ್, ಆದ್ರೆ ಇದರ ಮೇಲೆ ಮಾತ್ರ ಕೂರಲ್ಲ, ಅಂದ, ಮೈಯೆಲ್ಲ ದದ್ದು ಎದ್ದಿತ್ತು, ಹಾಗೆ ಆಯಿತು ನಮ್ಮ ಮದುವೆಯ ಮಾತುಕತೆ. ಆಡಿದಂತೆ ನಡೆದ. ಕ್ಲಬ್ಬಿನ ಎಲ್ಲಾ ಗಾಡಿ ಮೇಳಗಳಿಗೂ ಮಾಂಸದ ವ್ಯಾನಿನಲ್ಲಿ ಪೈ ತುಂಬಿಕೊಂಡು ನನ್ನ ಹಿಂದೆ ಬಂದ, ಕ್ಲಬ್ಬಿನವರು ಅವನಿಗೆ ಹೇಜಲ್‌ಳ ಬಾಲ ಅಂತ ಹೆಸರಿಟ್ಟರು, ಬಾಲ ಬಂತು ಚಹಾ ಇಡ್ರೋ ಅನ್ನುತ್ತಿದ್ದರು, ನಗುತ್ತಿದ್ದ. ಅಂಥವನನ್ನು ಯಾರು ಕೇಳಿದರು ಈಗ, ಯಾರು ಕೇಳಿದರು ನಿನ್ನನ್ನು, ಕುರ್ಚಿಯೊಳಗೆ ಕೂರು ಅಂತ, ನನ್ನ ತಲೆಯ ಮೇಲೆ ಉಪಕಾರದ ಚಪ್ಪಡಿ ಎಳೆ ಅಂತ. ಗುರುವಾರದಿಂದ ಕೂಡಿಟ್ಟ ಸಿಟ್ಟು, ಇಟ್ಟ ಜಾಗದಲ್ಲೇ ಇದೆ, ಯಾರ ಮೇಲೆ ಹಾಕಲಿ ಈಗ, ಅದನ್ನೂ ಕಿತ್ತುಕೊಂಡ. ಮತ್ತೆ ಅವನಿಗೆ ಗೊತ್ತಿದೆಯಾ ಕುರ್ಚಿ ಹಾಕಿದರೆ ನನಗೇನು ಹೋಗುತ್ತದೆ ಅಂತ. ಕುರ್ಚಿ ಗಾಡಿ ಒರಗುವುದಿಲ್ಲ. ಅವನಿಗೆ ಅದೇ ಬೇಕಾದದ್ದು, ಅಂಗಡಿಯವನನ್ನು ಎರಡು ಮೂರು ಸಲ ಕೇಳಿ ಖಾತ್ರಿ ಮಾಡಿಕೊಂಡಿದ್ದಾನೆ, ನನಗೆ ಒರಗುವುದೇ ಇಲ್ಲದಿದ್ದರೆ ಗಾಡಿ ಯಾಕೆ ಬೇಕು, ತಿರುವಿನಲ್ಲಿ ಒರಗಿದಾಗ ನೆಲ ಮೇಲಕ್ಕೆ ಬಂದು ಮಂಡಿಯ ಹತ್ತಿರ ಹರಿಯುತ್ತದಲ್ಲ, ಹೊಟ್ಟೆಯಲ್ಲಿ ತಣ್ಣಗೆ ಏನೋ ಇಳಿಯುತ್ತದಲ್ಲ, ಅದಕ್ಕೇ ಓಡಿಸಿದ್ದು ನಾನು ಇಷ್ಟು ವರ್ಷ, ಬೇರೆ ಯಾವುದಕ್ಕೂ ಅಲ್ಲ. ಕುರ್ಚಿ ಗಾಡಿಯನ್ನು ಎಳೆದು ತಿರುಗಿಸಬೇಕು, ಗಾಣದ ಎತ್ತಿನ ಹಾಗೆ. ವಾಪಸ್ ಕಳಿಸುತ್ತೇನೆ, ಒಂಟಿ ಗಾಡಿಯ ಸ್ಪ್ರಿಂಗೇ ತರಿಸುತ್ತೇನೆ, ಹಾಕಿ, ಹತ್ತಿ, ಅಡ್ಡರಸ್ತೆಯ ತನಕ ಹೋಗಿ ನಿಲ್ಲಿಸಿ — ಎಡಗಾಲು ಊರಿ. ಎಡಗಾಲು. ಊರಿದ್ದು ಗೊತ್ತು, ಊರಿದ ಮೇಲೆ ಅಲ್ಲಿ ಕಾಲೇ ಇರಲಿಲ್ಲ, ಮೆಟ್ಟಿಲಿದೆ ಅಂದುಕೊಂಡು ಹೆಜ್ಜೆ ಇಟ್ಟ ಹಾಗಾಯಿತು, ಬ್ರೇಕೂ ಸರಿ ಇತ್ತು, ಸ್ಪ್ರಿಂಗೂ ಸರಿ ಇತ್ತು. ಯಾವ ಸ್ಪ್ರಿಂಗೂ ನನ್ನ ಕಾಲಿನೊಳಕ್ಕೆ ಹೋಗುವುದಿಲ್ಲ. ಮೂರು ಚಕ್ರದ ಗಾಡಿ ನಿಂತರೆ ಕಾಲು ಊರಬೇಕಾಗಿಲ್ಲ. ಈ ಹಳೇ ಗಾಡಿಯಲ್ಲಿ ಗೇರು ಬಲಗಾಲಿಗೆ, ಕ್ಲಚ್ ಹಿಡಿಯುವಷ್ಟು ಬಲ ಎಡಗೈಗೆ ಚೆಂಡು ಹಿಂಡಿ ಬಂದಿದೆ. ಅವನು ಎಲ್ಲವನ್ನೂ ಲೆಕ್ಕ ಹಾಕಿದ್ದಾನೆ, ಕ್ಲಚ್ಚಿಗೆ ಆ ಹಿಡಿ ಅನ್ನುವವನು, ನನಗಿಂತ ಮುಂಚೆ, ನನ್ನನ್ನು ಕೇಳದೆ.

ಆಯಿತು, ಹಾಕುತ್ತೇನೆ, ಹಾಕಿ ನೋಡುತ್ತೇನೆ, ಒಪ್ಪಿದೆ ಅಂತ ಅರ್ಥವಲ್ಲ. ಹೊಸ ಸ್ಪ್ರಿಂಗಿಗೆ ಎಣ್ಣೆ ಸವರಿ ಕೊಳವೆಯೊಳಗೆ ಇಳಿಸುತ್ತೇನೆ, ಸರಳಿನ ತಂತಿಯನ್ನು ಅದರ ಹೊಟ್ಟೆಯಿಂದ ಮೇಲಕ್ಕೆ ಎಳೆದು, ಮುಚ್ಚಳವನ್ನು ಸರಳಿಗೆ ತಿರುಗಿಸಿ, ಈಗ ಸ್ಪ್ರಿಂಗು ಕೊಳವೆಯ ಮೇಲಕ್ಕೆ ತಲೆ ಎತ್ತಿ ನಿಂತಿದೆ, ಇದನ್ನು ಕೆಳಕ್ಕೆ ಒತ್ತುತ್ತಲೇ ಮುಚ್ಚಳದ ತಿರುಪು ಹಿಡಿಸಬೇಕು, ಮೊದಲೆಲ್ಲ ಒಬ್ಬಳೇ ಮಾಡುತ್ತಿದ್ದೆ, ಎಡ ಅಂಗೈಯಲ್ಲಿ ಒತ್ತು, ಬಲಗೈಯಲ್ಲಿ ತಿರುಗಿಸು. ಒತ್ತು. ಒತ್ತೇ. ಎಡ ಮೊಣಕೈ ಮಡಚಿಕೊಳ್ಳುತ್ತಿದೆ, ಟಪ್ಪನೆ ಜಾರಿ ಮುಚ್ಚಳ ಗಲ್ಲಕ್ಕೆ ಬಡಿಯಿತು, ಮತ್ತೆ, ಎದೆ ಊರಿ ಒತ್ತುತ್ತೇನೆ, ಒಂಬತ್ತು ಸ್ಟೋನ್ ಇಲ್ಲದ ಎದೆ, ಅರ್ಧ ಇಳಿಯಿತು, ತಿರುಪು ಹಿಡಿಯಲಿಲ್ಲ, ಮತ್ತೆ ಜಾರಿತು, ಹಾಳಾಗಿ ಹೋಗು, ಹಾಳಾಗಿ ಹೋಗಿ ಎಲ್ಲರೂ, ಅಳಬೇಡ, ಎಣ್ಣೆ ಕೈಯಲ್ಲಿ ಕಣ್ಣು ಒರೆಸಿಕೊಳ್ಳಬೇಡ. ಬಾಗಿಲು ಕಿರ್ ಅಂದಿತು. ನೆವ್, ಚಹಾ ಹಿಡಿದುಕೊಂಡು, ಬಾಗಿಲ ತುಂಬ. ನನ್ನ ತಟ್ಟೆ, ಅಂದ, ಎಣ್ಣೆ ನೋಡಿ. ಬೆಂಚಿನ ಮೇಲಿನ ಹಳೇ ಸ್ಪ್ರಿಂಗು ನೋಡಿದ, ಕೊಳವೆಯಿಂದ ತಲೆ ಎತ್ತಿದ ಹೊಸದನ್ನು ನೋಡಿದ, ನನ್ನ ಮುಖ ನೋಡಿದ, ಹೊಸದಲ್ವಾ, ಸ್ವಲ್ಪ ಗಟ್ಟಿ ಇರುತ್ತೇನೋ, ಅಂದ, ಸುಳ್ಳು ಹೇಳುವಾಗ ಅವನ ಕಿವಿ ಕೆಂಪಾಗುತ್ತದೆ. ಗಟ್ಟಿಯಾಗಿದೆ, ಅಂದೆ. ಒತ್ತಿ ಹಿಡೀಲಾ, ಅಂದ. ಬಾ, ಒತ್ತು, ಎರಡೂ ಕೈ ಹಾಕು, ನಿನ್ನ ಹದಿನಾರೂವರೆ ಸ್ಟೋನೂ ಹಾಕು. ಚಹಾದ ಕಪ್ಪು ಬೆಂಚಿನ ಮೇಲೆ ಇಡಲು ಹೋದವನು ಹಾಗೇ ನಿಂತ. ಹದಿನಾರೂವರೆ, ಅಂದೆ ಮತ್ತೆ. ಅವನು ಕಪ್ಪು ಇಟ್ಟ. ನನ್ನ ಸಿಟ್ಟು ಇಟ್ಟಲ್ಲೇ ಇದೆ, ಬೇಸಿಗೆಯ ತನಕ ಇರುತ್ತದೆ, ಆಮೇಲೂ ಇರುತ್ತದೆ. ಅಂಗೈ ಮೇಲೆ ಅಂಗೈ ಇಟ್ಟು ಮುಚ್ಚಳದ ಮೇಲೆ ಬಗ್ಗಿದ, ಸ್ಪ್ರಿಂಗು ಕಿರುಗುಟ್ಟಿತು, ಇಳಿಯುತ್ತಿದೆ, ಇಳಿಯುತ್ತಿದೆ, ಕೊಳವೆಯ ಅಂಚು ಮುಟ್ಟಿತು, ನಾನು ಅವನ ಬೆರಳುಗಳ ಕೆಳಗೆ ಸ್ಪ್ಯಾನರ್ ತೂರಿಸಿ ತಿರುಗಿಸುತ್ತೇನೆ, ಹುಷಾರು ಕಣೇ, ಅಂದ, ತಿರುಪು ಹಿಡಿಯಿತು, ಒಂದು ಸುತ್ತು, ಇನ್ನೊಂದು, ಸಾಕು ಕೈ ತೆಗಿ ಅನ್ನಬೇಕು ಅಂತ ತಲೆ ಎತ್ತಿದರೆ ಅವನ ಮುಖ ನನ್ನ ಮುಖದ ಹತ್ತಿರ, ಬೆವರು, ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿದ್ದಾನೆ — ಗಾಡಿ ಸ್ಟ್ಯಾಂಡಿನ ಮೇಲಿದೆ, ಎಲ್ಲಿಗೂ ಹೋಗುತ್ತಿಲ್ಲ, ಆದರೂ ಮುಚ್ಚಿಕೊಂಡಿದ್ದಾನೆ, ಬೇಸಿಗೆಯಲ್ಲಿ ಆ ಬೆಟ್ಟದ ತಿರುವು ಬರುತ್ತದೆ, ನಾನು ಹ್ಯಾಂಡಲ್ ಎಳೆಯುತ್ತೇನೆ, ಎಡಗಡೆ ಕೆಳಗೆ ಕುರ್ಚಿಯಲ್ಲಿ ಅವನು, ಮಂಡಿಗಳು ಗಲ್ಲಕ್ಕೆ ತಾಗಿಕೊಂಡು, ಟೋಪಿ ಅದುಮಿ ಹಿಡಿದು, ಕಣ್ಣು ಮುಚ್ಚಿಕೊಂಡು, ಕೈ ತೆಗಿ ನೆವ್, ತೆಗೆಯುತ್ತಿಲ್ಲ, ಕಣ್ಣು ಮುಚ್ಚಿಕೊಂಡು, ಕಣ್ಣು ಮುಚ್ಚಿಕೊಂಡು